ಗಿರಣಿ ಮಾತು

ಸತ್ತ ಮಗ ಮಾತಾಡಿದರೆ ಯಾವ ತಾಯಿಗಾದರೂ ಕಣ್ಣಲ್ಲಿ ನೀರು ಬರಬೇಕು. ಸಾತವ್ವನಿಗೆ ಬಂದದ್ದು ಬೆವರು. ಯಾಕೆಂದರೆ ಅವಳ ಮಗ ಓಂಕಾರ ಸತ್ತೇ ಇರಲಿಲ್ಲ. ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ತಾಲೂಕು ಜಾಲಾಡಿದರೂ ಆ ಸಂಗತಿ ಅವಳೊಬ್ಬಳ ಹೊರತು ಮತ್ತೊಬ್ಬರಿಗೆ ಗೊತ್ತಿರಲಿಲ್ಲ.

ಮೂಡಲಗಿ ಊರ ಹೊರಗಿನ ತಗಡಿನ ಶೆಡ್ಡಿನಲ್ಲಿ ಶುಕ್ರವಾರ ಮಧ್ಯಾಹ್ನದ ಕ್ರೈಸ್ತ ಪ್ರಾರ್ಥನಾ ಕೂಟ ನಡೆದಿತ್ತು. ಮುನ್ನೂರು ಜನ, ಆರು ಫ್ಯಾನು, ಅವುಗಳಲ್ಲಿ ತಿರುಗುವವು ಎರಡೇ. ವೇದಿಕೆಯ ಮೇಲೆ ಬ್ರದರ್ ಗುರುಪಾದ ಕಣ್ಣು ಮುಚ್ಚಿಕೊಂಡು, ಸಾತವ್ವನ ಸೊಸೆ ನಾಗರತ್ನಾಳ ತಲೆಯ ಮೇಲೆ ಕೈಯಿಟ್ಟು, ಅವಳ ಗಂಡನಾಗಿ ಮಾತಾಡುತ್ತಿದ್ದ.

“ನಾಗೂ, ಅವತ್ತ ಮುಂಜಾನೆ ನಾ ರೊಟ್ಟಿ ಬಿಟ್ಟ ಎದ್ದೆ. ನೀ ಏನಂದಿ ನೆನಪೈತಿ? ಹೋದರ ಹೋಗು, ತಿರುಗಿ ಬರಬ್ಯಾಡ ಅಂದಿ. ಏಳು ವರ್ಷ ಆತು, ಆ ಒಂದು ಮಾತಿಗೆ ಅಳಾಕತ್ತಿ. ಸಾಕ ಮಾಡು. ನನಗ ನಿನ್ನ ಮ್ಯಾಲ ಸಿಟ್ಟಿಲ್ಲ. ನೀರು ತಣ್ಣಗಿತ್ತು, ಒಂದ ಗಳಿಗಿ ಅಷ್ಟ. ಈಗ ನಾ ಬೆಳಕಿನ್ಯಾಗ ಅದೇನಿ.”

ನಾಗರತ್ನಾ ಅಲ್ಲೇ ಕುಸಿದು ಕೂತಳು. ಮೂವತ್ತೊಂದು ವರ್ಷದ ಹೆಂಗಸು ಹಸುಗೂಸಿನ ಹಾಗೆ ಬಾಯಿ ತೆರೆದು ಅತ್ತಳು. ಸುತ್ತಲಿದ್ದವರೆಲ್ಲ “ಸ್ತೋತ್ರ, ಸ್ತೋತ್ರ” ಎಂದರು. ಮೂರನೇ ಸಾಲಿನಲ್ಲಿದ್ದ ಸಾತವ್ವನಿಗೆ ಆ ಗದ್ದಲ ಸರಿಯಾಗಿ ಕೇಳಿಸಲಿಲ್ಲ. ಕೇಳಿಸಬೇಕಾಗಿಯೂ ಇರಲಿಲ್ಲ, ಗುರುಪಾದನ ತುಟಿಗಳು ಅವಳಿಗೆ ಚೆನ್ನಾಗಿ ಕಾಣುತ್ತಿದ್ದವು.

“ಇನ್ನೊಂದ ಮಾತು ನಾಗೂ,” ಎಂದವು ಆ ತುಟಿಗಳು. “ಮಯೂರಿನ್ನ ಕರ್ತನಿಗೆ ಕೊಡು. ದಡ್ಡಿ ಮನಿಗೆ ಕಳಿಸು. ಅಕಿ ಅಲ್ಲಿ ಹಾಡಿದರ ನನಗ ಇಲ್ಲಿ ಕೇಳತೈತಿ. ಬರೋ ಶುಕ್ರವಾರ ತಡ ಮಾಡಬ್ಯಾಡ.”

ದಡ್ಡಿ ಮನೆ ಅಂದರೆ ಹುಕ್ಕೇರಿ ತಾಲೂಕಿನ ದಡ್ಡಿ ಊರಾಚೆ, ಹೊಳೆದಂಡೆಗೆ ಗುರುಪಾದ ಕಟ್ಟಿಸಿದ್ದ ಉದ್ದನೆಯ ಮನೆ. ಅಲ್ಲಿ ಹನ್ನೆರಡು ಹೆಣ್ಣುಮಕ್ಕಳಿದ್ದರು. ಸಾಲಿ ಪಾಠ ಇಲ್ಲ, ಆಟ ಇಲ್ಲ. ಹಗಲೆಲ್ಲ ಪ್ರಾರ್ಥನೆ, ವಾರಕ್ಕೆ ಮೂರು ದಿನ ಉಪವಾಸ. ಹೆತ್ತ ತಾಯಿಗೂ ವರ್ಷಕ್ಕೆ ಎರಡೇ ಸಲ ಮುಖ ತೋರಿಸುವುದು. ಹೋದ ಹುಡುಗಿಯರಲ್ಲಿ ಒಬ್ಬಳೂ ಇನ್ನೂ ತಿರುಗಿ ಬಂದಿರಲಿಲ್ಲ. ಮಯೂರಿಗೆ ಬರೀ ಹತ್ತು ವರ್ಷ.

ಸಾತವ್ವ ಯಾರೆಂದು ಮೊದಲು ಹೇಳಬೇಕು. ಗೋಕಾಕ ಫಾಲ್ಸಿನ ಹತ್ತಿ ಗಿರಣಿಯಲ್ಲಿ, ನೂಲು ತೆಗೆಯುವ ಖಾತೆಯಲ್ಲಿ ಮೂವತ್ತು ವರ್ಷ ದುಡಿದವಳು. ಅಲ್ಲಿಯ ಯಂತ್ರಗಳ ಸದ್ದಿಗೆ ದೇವದೂತರು ಬಂದು ತುತ್ತೂರಿ ಊದಿದರೂ ಕೇಳಿಸದು. ಹಾಗಾಗಿ ಅಲ್ಲಿಯ ಹೆಂಗಸರು ಗಂಟಲು ಬಿಟ್ಟು ತುಟಿಯಿಂದಲೇ ಮಾತಾಡುತ್ತಿದ್ದರು. ಒಬ್ಬಳು ಈ ತುದಿಯಲ್ಲಿ ನಿಂತು ತುಟಿ ಅಲ್ಲಾಡಿಸಿದರೆ ಆ ತುದಿಯವಳು ಓದಿಕೊಂಡು ನಗುತ್ತಿದ್ದಳು. ಅದಕ್ಕೆ ಗಿರಣಿ ಮಾತು ಅಂತಲೇ ಹೆಸರು. ಯಂತ್ರ ಅವಳ ಕಿವಿ ತಿಂದು ಈ ಮಾತನ್ನು ಕೊಟ್ಟಿತ್ತು. ಮನೆಯಲ್ಲಿ ಮಗನಿಗೂ ಅದನ್ನೇ ಕಲಿಸಿದಳು. ಈಗ ಮೊಮ್ಮಗಳಿಗೂ ಕಲಿಸಿದ್ದಳು. ಚರ್ಚಿನಲ್ಲಿ ಉಪದೇಶ ಉದ್ದವಾದರೆ ಆಯಿ ಮತ್ತು ಮೊಮ್ಮಗಳು ಸದ್ದಿಲ್ಲದೆ ಹರಟೆ ಹೊಡೆದು ನಾಗರತ್ನಾಳ ಕೈಲಿ ಚಿವುಟಿಸಿಕೊಳ್ಳುವುದು ಪ್ರತಿ ಭಾನುವಾರದ ಕಥೆ.

ಏಳು ವರ್ಷದ ಹಿಂದೆ, ಘಟಪ್ರಭಾ ಊರೊಳಗೆ ನುಗ್ಗಿದ ಆ ಮಹಾಪೂರದ ಆಗಸ್ಟಿನಲ್ಲಿ, ಓಂಕಾರನ ಬೈಕು ಲೋಳಸೂರ ಸೇತುವೆಯ ಹತ್ತಿರ ಸಿಕ್ಕಿತು. ಓಂಕಾರ ಸಿಗಲಿಲ್ಲ. ಹೆಣ ಇಲ್ಲದೆಯೇ ಚರ್ಚಿನಲ್ಲಿ ಪ್ರಾರ್ಥನೆ ಮಾಡಿ, ಅತ್ತು, ನಾಗರತ್ನಾಳ ಕೊರಳಿನ ಕರಿಮಣಿ ಬಿಚ್ಚಿದ್ದಾಯಿತು. ಸಾತವ್ವನೂ ಖರೇನೇ ಅತ್ತಳು. ಆರು ವಾರ ಕಳೆಯಿತು. ಫಾಲ್ಸು ಇನ್ನೂ ಭೋರ್ಗರೆಯುತ್ತಿತ್ತು. ಒಂದು ಮುಂಜಾನೆ ಅವಳು ತೂಗುಸೇತುವೆಯ ಈ ತುದಿಗೆ ನಿಂತಿದ್ದಾಗ, ಆ ತುದಿಯಲ್ಲಿ ಒಬ್ಬ ಮುಖಕ್ಕೆ ಸುತ್ತಿದ್ದ ಟವೆಲ್ಲು ಸರಿಸಿದ. ಓಂಕಾರ! ನೀರಿನ ಆ ಆರ್ಭಟದಲ್ಲಿ ಅವನ ತುಟಿಗಳು ಹೇಳಿದ್ದು ಇಷ್ಟೇ: “ಅವ್ವಾ, ನಾ ಬದುಕೇನಿ. ಗಡಿ ಆಚೆ ಇಚಲಕರಂಜಿಯಾಗ ಮಗ್ಗ ನಡಸಾಕತ್ತೇನಿ. ಅಲ್ಲೊಬ್ಬಾಕಿ ಅದಾಳ. ಇಲ್ಲಿ ಯಾರಿಗೂ ಹೇಳಬ್ಯಾಡ.” ಬಿಸ್ಕೀಟಿನ ಕಾಗದದ ಮೇಲೆ ನಂಬರು ಬರೆದು, ಕಲ್ಲಿನ ಕೆಳಗಿಟ್ಟು ಹೊರಟೇ ಹೋದ.

ಸಾತವ್ವ ಹೇಳಲಿಲ್ಲ. ಯಾಕೆ ಹೇಳಲಿಲ್ಲ? ಮಾನಕ್ಕೆ ಅಂಜಿ ಅಂತ ತನಗೆ ತಾನೇ ಹೇಳಿಕೊಂಡಳು. ಅದು ಅರ್ಧ ಮಾತ್ರ ನಿಜ. ಗಂಡ ಓಡಿಹೋದ ಅಂತ ಗೊತ್ತಾದರೆ ನಾಗರತ್ನಾ ಮೂರು ವರ್ಷದ ಮಯೂರಿಯನ್ನು ಎತ್ತಿಕೊಂಡು ತವರಿಗೆ, ತುಕ್ಕಾನಟ್ಟಿಗೆ ಹೋಗಿಬಿಡುತ್ತಿದ್ದಳು. ಗಂಡ ಸತ್ತವಳಾದರೆ ಅತ್ತೆಯನ್ನು ಹಿಡಿದುಕೊಂಡು ಇಲ್ಲೇ ಇರುತ್ತಾಳೆ. ಮಗ ಹೋದ, ಮೊಮ್ಮಗಳಾದರೂ ಉಳಿಯಲಿ ಅಂತ ಬಾಯಿ ಮುಚ್ಚಿಕೊಂಡಳು. ಅದು ಬಿಸಿತುಪ್ಪ. ಏಳು ವರ್ಷ ನುಂಗಲೂ ಇಲ್ಲ, ಉಗುಳಲೂ ಇಲ್ಲ.

ಇನ್ನು ಆ ರೊಟ್ಟಿಯ ಮಾತು, “ಹೋದರ ಹೋಗು” ಅನ್ನುವ ಮಾತು ಗುರುಪಾದನಿಗೆ ಹೇಗೆ ಗೊತ್ತಾಯಿತು? ಶೆಡ್ಡಿನಲ್ಲಿ ಕೂತು ಸಾತವ್ವ ಅದನ್ನೇ ಯೋಚಿಸಿದಳು. ನಾಗರತ್ನಾ ಆ ಮಾತನ್ನು ಹೇಳಿದ್ದು ಒಬ್ಬಳಿಗೆ, ಅತ್ತೆಗೆ. ಅತ್ತೆ ಅದನ್ನು ಬರೆದಿಟ್ಟದ್ದು ಒಂದೇ ಕಡೆ, ಪ್ರಾರ್ಥನೆ ಪುಸ್ತಕದಲ್ಲಿ.



ಪ್ರತಿ ಬುಧವಾರ ಗಿರಣಿ ಕೆಲಸಗಾರರ ಚಾಳಿನ ಕ್ರೈಸ್ತ ಹೆಂಗಸರು ಸಾತವ್ವನ ಖೋಲಿಯಲ್ಲಿ ಸೇರುತ್ತಿದ್ದರು. ಒಬ್ಬೊಬ್ಬಳೂ ಅವಳ ಮುಖದೆದುರು ಬಾಯಿ ತಂದು ತನ್ನ ಸಂಕಟ ಹೇಳಿಕೊಳ್ಳುವುದು, ಅವಳು ಅದನ್ನು ದಪ್ಪ ಪುಸ್ತಕದಲ್ಲಿ ಬರೆದುಕೊಳ್ಳುವುದು, ಎಲ್ಲರೂ ಪುಸ್ತಕದ ಮೇಲೆ ಕೈಯಿಟ್ಟು ಪ್ರಾರ್ಥಿಸುವುದು. ಪುಸ್ತಕ ತೆರೆದು ಓದುವ ಹಕ್ಕು ದೇವರಿಗೆ ಬಿಟ್ಟರೆ ಸಾತವ್ವನಿಗೆ ಮಾತ್ರ. ಇಪ್ಪತ್ತು ವರ್ಷದ ಗುಟ್ಟು ಅದರಲ್ಲಿತ್ತು. ಮೂರು ತಿಂಗಳ ಹಿಂದೆ ಗುರುಪಾದನ ಹೆಂಡತಿ ಎಸ್ತೇರಮ್ಮ ಮನೆಗೆ ಬಂದಿದ್ದಳು. ಬಾಯಿ ತುಂಬ ಯವ್ವಾ ಯವ್ವಾ ಅಂದಳು. ತಮ್ಮಲ್ಲಿ ಹಗಲೂ ರಾತ್ರಿ ಸರಪಳಿ ಪ್ರಾರ್ಥನೆ ನಡೆಯುತ್ತದೆ, ನಿಮ್ಮವರ ಬಿನ್ನಹಗಳನ್ನೂ ಅದರಲ್ಲಿ ಸೇರಿಸುತ್ತೇವೆ, ಎರಡು ದಿನ ಪುಸ್ತಕ ಕೊಡಿರಿ ಅಂದಳು. ನಮ್ಮ ಬಡಚಾಳಿನ ದುಃಖಕ್ಕೆ ಮುನ್ನೂರು ಜನ ಮೊಣಕಾಲೂರುತ್ತಾರಲ್ಲ ಎಂದು ಸಾತವ್ವ ಹಿಗ್ಗಿಹೋದಳು. ಪುಸ್ತಕವನ್ನು ಬಟ್ಟೆಯಲ್ಲಿ ಸುತ್ತಿ ಕೈಗಿಟ್ಟಳು. ಎಂಥ ಹುಚ್ಚಿ! ಬಾಗಿಲಿಗೆ ಕೀಲಿ ಹಾಕಿ ಕೀಲಿಕೈಯನ್ನು ಕಳ್ಳನ ಕೈಗೇ ಕೊಟ್ಟಿದ್ದಳು.

ಅದಾದ ಮೇಲೆಯೇ ಗುರುಪಾದ ಪರದೆ ಸರಿಸತೊಡಗಿದ್ದು. “ಸತ್ತವರು ಏಳೋ ಆ ಕಡೇ ತುತ್ತೂರಿ ಊದೋ ತನಕ ಯಾಕ ಕಾಯ್ತೀರಿ? ನಿಮ್ಮ ಸಭೆಗಳು ನಿಮ್ಮನ್ನ ಕಾಯಿಸಿ ಕಾಯಿಸಿ ಸಾಯಿಸಿದವು. ನಿಮ್ಮವರು ದೂರ ಹೋಗಿಲ್ಲ, ಪರದೆ ಆಚೆ ನಿಂತಾರ. ಮಾತಾಡಾಕ ಹಂಬಲಿಸ್ಯಾರ” ಎಂದು ಅವನು ಹೇಳಿದರೆ ಯಾರ ಕರುಳು ಕರಗುವುದಿಲ್ಲ? ಪೂರದಲ್ಲಿ ಕಳಕೊಂಡವರು, ಕೊರೊನಾದಲ್ಲಿ ಕಳಕೊಂಡವರು ಗುಂಪು ಗುಂಪಾಗಿ ಬಂದರು. ಸಾತವ್ವನ ಸಂಗಡ ಗಿರಣಿಯಲ್ಲಿ ದುಡಿದ ಕಾಶೆವ್ವನ ಸತ್ತ ಮಗ ಬಂದು ಅವ್ವನ ಮೊಣಕಾಲು ನೋವಿನ ಬಗ್ಗೆ ಕೇಳಿದ. ಆ ನೋವೂ ಪುಸ್ತಕದಲ್ಲಿತ್ತು.

ಗೋಕಾಕಕ್ಕೆ ತಿರುಗಿ ಬರುವ ಬಸ್ಸಿನಲ್ಲಿ ನಾಗರತ್ನಾಳ ಮುಖ ನೋಡಬೇಕಿತ್ತು. ಏಳು ವರ್ಷದಿಂದ ಕಾಣದ ಬೆಳಕು ಅದರಲ್ಲಿತ್ತು. ಸಾತವ್ವನಿಗೆ ಅದನ್ನು ನೋಡಿಯೇ ಹೆದರಿಕೆಯಾಯಿತು.

“ನಾಗೂ, ಸತ್ತವರ ಕಡಿಂದ ಮಾತು ತರೋದು ನಮ್ಮ ವಿಶ್ವಾಸ ಅಲ್ಲವ್ವಾ. ದೇವರು ಬ್ಯಾಡ ಅಂದಾನ. ನಮಗ ಸತ್ತವರು ಎದ್ದು ಬರೋ ದಿನ ಕೊಟ್ಟಾನ, ಫೋನ್ ಕೊಟ್ಟಿಲ್ಲ.”

“ಹಂಗಾದ್ರ ಆ ರೊಟ್ಟಿ ಮಾತು ಅವರಿಗೆ ಹೆಂಗ ಗೊತ್ತಾತ್ರಿ ಅತ್ತೀ?”

ಪುಸ್ತಕ ಕೊಟ್ಟೆ ಅಂತ ಅಲ್ಲೇ ಹೇಳಬಹುದಿತ್ತು. ಆದರೆ ಪುಸ್ತಕದ ಎಳೆ ಹಿಡಿದು ಎಳೆದರೆ, ಇನ್ನೇನು ಮುಚ್ಚಿಟ್ಟೀರಿ ಅಂತ ಸೊಸೆ ಕೇಳುತ್ತಾಳೆ, ಅದರ ಹಿಂದೆ ಓಂಕಾರನೂ ಬರುತ್ತಾನೆ.

“ಕೂಸಿನ್ನ ಮಾತ್ರ ಕಳಿಸಬ್ಯಾಡ,” ಎಂದಳು. “ನಿನ್ನ ಕಾಲ ಬೀಳ್ತೇನಿ.”

“ನಿಮ್ಮ ಮಗಾ ಸ್ವರ್ಗದಿಂದ ಬಂದು ಕೇಳ್ಯಾನ್ರಿ. ಹೆತ್ತ ತಾಯಾಗಿ ನೀವ ಬ್ಯಾಡ ಅಂತೀರಿ?” ನಾಗರತ್ನಾ ಸಿಟ್ಟು ಮಾಡಲಿಲ್ಲ, ಬದಲು ಕನಿಕರದಿಂದ ಅತ್ತೆಯ ಕೈ ಹಿಡಿದಳು. “ಅವತ್ತ ಅವನ ಮಾತು ನಾ ಕೇಳಲಿಲ್ಲ. ಇವತ್ತರ ಕೇಳ್ತೇನಿ.”

ನಡುವಿನ ವಾರ ಹೇಗೆ ಕಳೆಯಿತೋ ಆ ಭಗವಂತನೇ ಬಲ್ಲ. ನಾಗರತ್ನಾ ಮಗಳಿಗೆ ಎರಡು ಬಿಳಿ ಫ್ರಾಕು ಹೊಲಿದಳು. ಮಯೂರಿ ಸಾಲಿ ಪುಸ್ತಕ ಒಯ್ಯಲೇ ಅಂತ ಕೇಳಿದ್ದಕ್ಕೆ ಬೇಡ ಅಂದಳು. ಹುಡುಗಿ ಒಲೆಯ ಹತ್ತಿರ ಕೂತಿದ್ದ ಆಯಿಯ ಕಡೆ ತಿರುಗಿ, ಸದ್ದಿಲ್ಲದೆ ಬರೀ ತುಟಿಯಲ್ಲಿ, “ನನಗ ಹೋಗಾಕ ಮನಸ್ಸಿಲ್ಲ ಆಯಿ” ಎಂದಳು. ಸಾತವ್ವ ರೊಟ್ಟಿ ತಟ್ಟುವುದನ್ನು ಬಿಟ್ಟು ಹಿಟ್ಟಿನ ಕೈಯಲ್ಲೇ ಮುಖ ಮುಚ್ಚಿಕೊಂಡಳು.

ಬುಧವಾರ ಗೋಕಾಕಕ್ಕೆ ಹೋಗಿ ತಮ್ಮ ಪಾದ್ರಿ ಯಲ್ಲಾರಿಯವರ ಮುಂದೆ ಕೂತಳು. ಎಂಟು ಮನೆಗಳು ಗುರುಪಾದನ ಕಡೆ ಹೋಗಿದ್ದವು. ಖಾಲಿ ಬೆಂಚಿಗೆ ಉಪದೇಶ ಮಾಡಿ ಮಾಡಿ ಆ ಮನುಷ್ಯ ಬಡವಾಗಿದ್ದ.

“ನಾ ಮೂರು ವಾರದಿಂದ ಹೇಳಾಕತ್ತೇನಿ ಸಾತವ್ವಾ, ಇದು ತಪ್ಪು ಬೋಧನೆ ಅಂತ. ಮಂದಿ ನನಗ ಹೊಟ್ಟಿಕಿಚ್ಚು ಅಂತಾರ,” ಎಂದರು ಅವರು. “ಅವಾ ಸುಳ್ಳ ಅಂತ ನಿನಗೇನರ ಗುರ್ತ ಸಿಕ್ಕೈತೇನು?”

ಸಾತವ್ವ ಸೆರಗಿನ ತುದಿ ತಿರುವಿದಳು. ಪುಸ್ತಕದ ಸಂಗತಿ ಹೇಳಿದಳು. ಓಂಕಾರನ ಸಂಗತಿ ಹೇಳಲಿಲ್ಲ.

“ಪುಸ್ತಕ ಕೊಟ್ಟಿದ್ದಿ ಅಂದ್ರ ಅವಾ ಓದಿದ್ದ ಅಂತ ಹೆಂಗ ಹೇಳೋದು? ದೇವರೇ ಅದನ್ನ ತಿಳಿಸಿದ ಅಂತಾನ,” ಎಂದು ಪಾದ್ರಿ ತಲೆಯಾಡಿಸಿದರು. ಆಮೇಲೆ ಅವಳ ಮುಖವನ್ನೇ ನೋಡುತ್ತ, “ಇನ್ನೂ ಏನೋ ಐತಿ ನಿನ್ನ ಹೊಟ್ಟ್ಯಾಗ. ಅರ್ಧ ಸುಳ್ಳು ಕೈಯಾಗ ಹಿಡಕೊಂಡು ಪೂರಾ ಸುಳ್ಳಿನ ಕೂಡ ಜಗಳಾಡಾಕ ಬರೂದಿಲ್ಲವ್ವಾ,” ಎಂದರು.

ಸಾತವ್ವ ಎದ್ದು ಬಂದಳು. ದಾರಿಯುದ್ದಕ್ಕೂ ಪಾದ್ರಿಗೆ ಶಾಪ ಹಾಕಿದಳು. ಚಾಳು ಮುಟ್ಟುವ ಹೊತ್ತಿಗೆ ಶಾಪ ಮುಗಿದು ಅಳು ಬಂತು. ಖೋಲಿಯ ಬಾಗಿಲು ಹಾಕಿಕೊಂಡು, ಕೀರ್ತನೆ ಪುಸ್ತಕದ ರಟ್ಟಿನೊಳಗಿಂದ ಬಿಸ್ಕೀಟಿನ ಕಾಗದ ತೆಗೆದು ನೋಡಿದಳು. ಅಂಕಿಗಳು ಇನ್ನೂ ಅಳಿಸಿರಲಿಲ್ಲ. ಏಳು ವರ್ಷದಲ್ಲಿ ಒಂದು ಸಲವೂ ಅವಳು ಆ ನಂಬರು ಒತ್ತಿರಲಿಲ್ಲ. ಕಿವುಡಿಗೆ ಫೋನು ಯಾಕೆ?

ಶುಕ್ರವಾರ ಬಂತು. ಮಯೂರಿ ಬಿಳಿ ಫ್ರಾಕು ಹಾಕಿಕೊಂಡು, ಮಡಿಲಲ್ಲಿ ಬಟ್ಟೆಯ ಚೀಲ ಇಟ್ಟುಕೊಂಡು ಶೆಡ್ಡಿನ ಮೊದಲ ಸಾಲಿನಲ್ಲಿ ಕೂತಳು. ಹೊರಗೆ ದಡ್ಡಿಗೆ ಹೋಗುವ ಜೀಪು ನಿಂತಿತ್ತು. ಹಾಡಾಯಿತು. ಸಾಕ್ಷಿಯ ಹೊತ್ತು ಬಂತು. ದೇವರು ತನಗೆ ಮಾಡಿದ್ದನ್ನು ಯಾರು ಬೇಕಾದರೂ ಎದ್ದು ಹೇಳುವುದು, ಹೇಳುವವರು ತಾವಾಗಿ ಆಮೆನ್ ಅನ್ನುವ ತನಕ ಯಾರೂ ತಡೆಯದೆ ಇರುವುದು ಈ ಕೂಟಗಳ ಹಳೇ ರೂಢಿ. ಸಾತವ್ವ ಎದ್ದಳು. ಮೈಕು ಕೊಡಲು ಬಂದ ಹುಡುಗಿಯನ್ನು ಸರಿಸಿದಳು. ಮೂವತ್ತು ವರ್ಷ ಯಂತ್ರದ ನಡುವೆ ಬದುಕಿದ ಗಂಟಲಿಗೆ ಮೈಕು ಬೇಕಾಗಿರಲಿಲ್ಲ.

“ನಾ ಗೋಕಾಕ ಫಾಲ್ಸಿನ ಸಾತವ್ವ. ಈ ಮಂದಿ ಮುಂದ, ದೇವರ ಮುಂದ ನನ್ನ ಪಾಪ ಹೇಳಾಕ ನಿಂತೇನಿ. ನನ್ನ ಚಾಳಿನ ಹೆಣ್ಣಮಕ್ಕಳು ನಂಬಿ ಹೇಳಿದ ಗುಟ್ಟೆಲ್ಲಾ ಒಂದು ಪುಸ್ತಕದಾಗ ಬರದಿದ್ದೆ. ಆ ಪುಸ್ತಕ ಎಸ್ತೇರಮ್ಮಗ ಕೊಟ್ಟೆ. ಈ ವೇದಿಕಿ ಮ್ಯಾಲ ಸತ್ತವರು ಏನೇನ ಮಾತಾಡ್ಯಾರ, ಅಷ್ಟೂ ನನ್ನ ಕೈಬರಹ!”

ಗುಜುಗುಜು ಎದ್ದಿತು. ಗುರುಪಾದ ಎರಡೂ ಕೈ ಎತ್ತಿ, “ಆಮೆನ್! ಹಲ್ಲೆಲೂಯ! ಕೂಡ್ರಿ ತಾಯಿ,” ಎಂದ.

“ನನ್ನ ಆಮೆನ್ ನಾನ ಹೇಳ್ತೇನಿ!” ಸಾತವ್ವ ಗುಡುಗಿದಳು. “ಇನ್ನೂ ಐತಿ. ಹ್ವಾದ ವಾರ ನೀ ನನ್ನ ಮಗನ ಆತ್ಮ ಕರಸಿದಿ. ನನ್ನ ಮಗಾ ಸತ್ತಿಲ್ಲ. ಬದುಕ್ಯಾನ. ಇಚಲಕರಂಜಿಯಾಗ ಮಗ್ಗ ನಡಸ್ತಾನ. ಏಳು ವರ್ಷದಿಂದ ನನಗ ಗೊತ್ತೈತಿ. ಸೊಸಿ ಕೂಸಿನ್ನ ತಗೊಂಡ ಹೋಗ್ತಾಳ ಅಂತ ಅಂಜಿ, ಅವಾ ನೀರಪಾಲಾದ ಅಂತ ನಂಬಿಸಿದೆ. ಬದುಕಿದವನ ಆತ್ಮ ಯಾವ ಪರದೆ ಸರಿಸಿ ತಂದ್ಯೋ ಗುರುಪಾದಾ?”

 ನಾಗರತ್ನಾ ಎದ್ದು ನಿಂತಳು. ಅವಳ ಮುಖ ಸುಣ್ಣ ಬಳಿದ ಗೋಡೆಯ ಹಾಗಿತ್ತು.

“ಸುಳ್ಳು,” ಎಂದಳು. “ಕೂಸಿನ್ನ ಬಿಟ್ಟಿರಾಕ ಆಗೂದಿಲ್ಲಂತ ಸುಳ್ಳ ಹೇಳಾಕತ್ತೀರಿ. ನನ್ನ ಗಂಡ ಸತ್ತಾನ. ಸತ್ತಮ್ಯಾಲೂ ನನ್ನ ಕೂಡ ಮಾತಾಡ್ಯಾನ.”

“ದುಃಖ ಈ ತಾಯಿಯ ತಲೆ ಕೆಡಿಸೈತಿ,” ಗುರುಪಾದನ ದನಿ ಬೆಣ್ಣೆಯ ಹಾಗಿತ್ತು. “ಯಾರೂ ಸಿಟ್ಟಾಗಬ್ಯಾಡ್ರಿ. ಪ್ರಾರ್ಥನಾ ಮಾಡೋಣ.”

ಸಾತವ್ವ ಬಿಸ್ಕೀಟಿನ ಕಾಗದವನ್ನು ಸೊಸೆಯ ಮುಂದೆ ಹಿಡಿದಳು. “ಮಾರಿ ಕಾಣೂ ಫೋನ ಹಚ್ಚು. ನಿನ್ನ ಕೈಲೆ ಹಚ್ಚು.”

ನಾಗರತ್ನಾ ಕಾಗದ ಕಸಿದುಕೊಂಡಳು. ಒಂದು ಸಲ ಹಚ್ಚಿದಳು, ಯಾರೂ ಎತ್ತಲಿಲ್ಲ. ಎರಡನೇ ಸಲವೂ ಇಲ್ಲ. ಯಾರೋ ಹಿಂದಿನಿಂದ ನಕ್ಕರು.  ನಂಬರು ಹಳೆಯದಾಗಿದ್ದರೆ? ಬೇರೆಯವನದಾಗಿದ್ದರೆ? ಮೂರನೇ ಸಲಕ್ಕೆ ಪರದೆಯ ಮೇಲೆ ಒಂದು ಮುಖ ಬಂತು. ತಲೆಯ ಮೇಲೆ ಹತ್ತಿಯ ಧೂಳು, ಮುಖದಲ್ಲಿ ಗಡ್ಡ, ಬಲಗಣ್ಣಿನ ಕೆಳಗೆ ಬಾಲ್ಯದ ಗಾಯದ ಕಲೆ. ಹಿಂದೆ ಸಾಲು ಮಗ್ಗಗಳು ಖಟಖಟ ಬಡಿಯುತ್ತಿದ್ದವು.

ನಾಗರತ್ನಾ ಚೀರಲಿಲ್ಲ. ಅವನು ಕಣ್ಣು ನೆಟ್ಟು ನೋಡುವ ಮೊದಲೇ ಫೋನನ್ನು ಅತ್ತೆಯ ಕೈಗೆ ತುರುಕಿ, ಬಾಯಿಗೆ ಸೆರಗು ಒತ್ತಿಕೊಂಡು ಪಕ್ಕಕ್ಕೆ ಸರಿದಳು. ಅವಳ ಜಾಗಕ್ಕೆ ಮಯೂರಿ ಬಂದು ಆಯಿಯ ತೋಳಿಗೆ ಒತ್ತಿ ನಿಂತದ್ದು ಸಾತವ್ವನ ಮೈಗೆ ತಿಳಿಯಿತು, ಮನಸ್ಸಿಗೆ ಬರಲಿಲ್ಲ. ಓಂಕಾರನಿಗೆ ಅವ್ವನ ಮುಖ ಕಂಡಿತು. ಅವನು ಏನೋ ಅಂದ. ಮಗ್ಗಗಳ ಬಡಿತದಲ್ಲಿ ಒಂದಕ್ಷರ ಯಾರಿಗೂ ಕೇಳಿಸಲಿಲ್ಲ. ಅವನು ತಾಯಿ ಕಲಿಸಿದ ಮಾತಿಗೆ ಇಳಿದ.

“ಯಾಕ ಫೋನ ಹಚ್ಚಿದಿ? ಅಕಿಗೆ ಗೊತ್ತಾತೇನು?”

“ಗೊತ್ತಾತು,” ಎಂದವು ಅವ್ವನ ತುಟಿಗಳು. “ಇಲ್ಲೇ ಬಾಜೂಕ ಅದಾಳ. ಏನರ ಹೇಳು ಅಕಿಗೆ.”

ಓಂಕಾರ ಅತ್ತಿತ್ತ ನೋಡಿದ. “ನಾ ಸತ್ತೇನಿ ಅಂತನ ತಿಳ್ಕೊ ಅನ್ನು. ನನಗ ಇಲ್ಲಿ ಬ್ಯಾರೆ ಮಕ್ಕಳದಾವ. ಮತ್ತ ಹಚ್ಚಬ್ಯಾಡ.”

“ನಿನ್ನ ಮಗಳಿಗೆ ಹತ್ತು ವರ್ಷ ಆತೋ. ಅಕಿನ್ನ ಕಳಿಸಿಬಿಡಾಕ ನಿಂತಾರ.”

ಅವನು ಹೆಗಲು ಕುಣಿಸಿದ. “ಯಾರಿಗಾರ ಕೊಟ್ಟಬಿಡ್ರಿ. ನನಗ ಅಕಿ ಬ್ಯಾಡ.” ಮುಖ ಮಾಯವಾಯಿತು.

“ಏನಂದಾರ್ರಿ? ಅತ್ತೀ, ಏನಂದ್ರು ಅವರು?” ನಾಗರತ್ನಾ ಅತ್ತೆಯ ಎರಡೂ ರಟ್ಟೆ ಹಿಡಿದು ಅಲ್ಲಾಡಿಸಿದಳು.

ಮುನ್ನೂರು ಜನ ಸಾತವ್ವನ ಬಾಯಿಯನ್ನೇ ನೋಡುತ್ತಿದ್ದರು. ದೂರದವನ ಮಾತನ್ನು ತನ್ನ ಬಾಯಲ್ಲಿ ತಂದು ಹೇಳುವ ಕೆಲಸ ಈಗ ಅವಳದಾಗಿತ್ತು. ಒಂದು ಸಿಹಿಮಾತು ಸಾಕಿತ್ತು. ತಪ್ಪಾತು ಅಂದ, ಅತ್ತ, ಕ್ಷಮಿಸು ಅಂದ ಎಂದುಬಿಟ್ಟರೆ ಈ ಹೆಂಗಸು ಬದುಕಿಕೊಳ್ಳುತ್ತಾಳೆ. ಎರಡನೇ ಸಾಲಿನಿಂದ ಕಾಶೆವ್ವ ಹಾಗೇ ಮಾಡು ಅಂತ ಕಣ್ಣಲ್ಲೇ ಬೇಡಿಕೊಳ್ಳುತ್ತಿದ್ದಳು.

“ನಾ ಸತ್ತೇನಿ ಅಂತನ ತಿಳ್ಕೊ ಅಂದ,” ಎಂದಳು ಸಾತವ್ವ. “ಬ್ಯಾರೆ ಮಕ್ಕಳದಾವ, ಮತ್ತ ಫೋನ ಹಚ್ಚಬ್ಯಾಡ ಅಂದ.”

ನಾಗರತ್ನಾಳ ಕೈಗಳು ಸಡಿಲವಾದವು.

ಗುರುಪಾದ ಒಂದು ಹೆಜ್ಜೆ ಮುಂದೆ ಬಂದ. ಕಳ್ಳ ಸಿಕ್ಕಿಬಿದ್ದರೂ ಬುದ್ಧಿ ಸಿಕ್ಕಿಬೀಳಲಿಲ್ಲ. “ಸೈತಾನ ಈಗ ಮೊಬೈಲಿನ್ಯಾಗೂ ಮಾರಿ ತೋರಿಸ್ತಾನ. ಇರಲಿ. ಕೂಸಿನ ಬಗ್ಗೆ ಏನಂದ? ಅದನ್ನ ಯಾಕ ಹೇಳವಲ್ಲಿ ತಾಯಿ?”

 ಯಾರಿಗಾದರೂ ಕೊಟ್ಟುಬಿಡಿರಿ ಅಂದ ಅಂತ ಹೇಳಿದರೆ ಇವನು ಅದನ್ನೇ ಹಿಡಿದು, ನೋಡ್ರಿ, ಎರಡೂ ಕಡೆಯಿಂದ ಒಂದೇ ಮಾತು ಬಂತು ಅನ್ನುತ್ತಾನೆ. ಜೀಪು ಬಾಗಿಲಲ್ಲೇ ಇತ್ತು. ತೋಳಿಗೆ ಒತ್ತಿ ನಿಂತ ಹುಡುಗಿಯ ಕಿವಿಗೆ ಆ ಮಾತು ಬೀಳುವುದಾದರೂ ಹೇಗೆ?

“ಏನೂ ಅನ್ನಲಿಲ್ಲ,” ಎಂದಳು.

ಅರ್ಧದಷ್ಟು ಜನ ಎದ್ದು ಹೊರಟರು. ಉಳಿದರ್ಧ ಕೂತೇ ಇದ್ದರು. ಕಾಶೆವ್ವನೂ ಏಳಲಿಲ್ಲ. ಸಾತವ್ವ ಕೈ ಹಿಡಿದು ಎಳೆದಾಗ ಕೊಸರಿಕೊಂಡು, “ನಿನ್ನ ಮಗಾ ಬದುಕ್ಯಾನ, ನಿನಗ ನಡೀತೈತಿ. ನನ್ನ ಮಗಾ ಖರೇನ ಸತ್ತಾನ ಸಾತಕ್ಕಾ. ನನಗ ಅವನ ಮಾತು ಬೇಕು,” ಎಂದಳು.  ನಾಗರತ್ನಾ ಮಗಳ ರಟ್ಟೆ ಹಿಡಿದು ಜೀಪಿನ ಪಕ್ಕದಿಂದಲೇ ದಾಟಿ ರಸ್ತೆಗೆ ನಡೆದಿದ್ದಳು.

ಬಸ್ಸಿನಲ್ಲಿ ಅತ್ತೆ ಹಿಂದೆ, ಸೊಸೆ ಮುಂದೆ.  ತುಕ್ಕಾನಟ್ಟಿ ಬಂದಾಗ ನಾಗರತ್ನಾ ಎದ್ದಳು. ಸಾತವ್ವನಿಗೆ ಇದು ಗೊತ್ತಿದ್ದದ್ದೇ. ಏಳು ವರ್ಷ ಯಾವುದಕ್ಕೆ ಅಂಜಿ ಸುಳ್ಳು ಹೊತ್ತಿದ್ದಳೋ ಅದು ಕೊನೆಗೂ ಕಣ್ಣೆದುರು ನಡೆಯುತ್ತಿತ್ತು. ಹೋಗಲಿ, ದಡ್ಡಿಗಿಂತ ತುಕ್ಕಾನಟ್ಟಿ ಮೇಲು, 'ಕರ್ತನೇ, ಕೂಸು ಉಳೀತು' ಎಂದು ಕಣ್ಣೊರೆಸಿಕೊಂಡಳು.

ನಾಗರತ್ನಾ ಸೀಟಿನ ಹತ್ತಿರ ನಿಂತಳು. “ಪೂರ ಬಂದಾಗ ನನಗ ಇಪ್ಪತ್ತನಾಲ್ಕ ವರ್ಷ ಇತ್ರಿ,” ಎಂದಳು, ಕಿವುಡಿಗೆ ತಿಳಿಯುವ ಹಾಗೆ ಬಿಡಿಸಿ ಬಿಡಿಸಿ. “ಅವಾ ನನ್ನ ಒಂದ ಸಲ ಸಾಯಿಸಿದ. ನೀವು ದಿನಾ ಸಾಯಿಸಿದ್ರಿ.” ಮಗಳನ್ನು ಕರೆದುಕೊಂಡು ಇಳಿದುಹೋದಳು.

ಕೆಳಗೆ ನಿಂತ ಮಯೂರಿ ತಲೆಯೆತ್ತಿ ಕಿಟಕಿಯನ್ನು ಹುಡುಕಿದಳು. ಎಂಜಿನ್ನು ಗುರುಗುಟ್ಟುತ್ತಿತ್ತು, ತಾಯಿ ಬೆನ್ನು ತಿರುಗಿಸಿ ಚೀಲ ಎತ್ತಿಕೊಳ್ಳುತ್ತಿದ್ದಳು. ಹುಡುಗಿ ತುಟಿಯಲ್ಲಿ ಮಾತಾಡಿದಳು.

“ಆಯಿ, ಅಪ್ಪ ಅಂದದ್ದು ನಾನೂ ನೋಡಿದೆ. ನನ್ನ ಯಾರಿಗಾರ ಕೊಡ್ರಿ ಅಂದ. ನೀ ಅಳಬ್ಯಾಡ. ಅವ್ವಗ ನಾ ಹೇಳೂದಿಲ್ಲ.”

ಬಸ್ಸು ಚಲಿಸಿತು. ಬಿಳಿ ಫ್ರಾಕಿನ ಆ ಪುಟ್ಟ ಮುಖ ಹಿಂದಕ್ಕೆ ಸರಿಯಿತು. ಅದರ ಮೇಲೆ ಅಳು ಇರಲಿಲ್ಲ. ಗುಟ್ಟು ಹೊತ್ತವರ ಮುಖ ಹೇಗಿರುತ್ತದೆಂದು ಸಾತವ್ವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಏಳು ವರ್ಷ ದಿನಾ ಕನ್ನಡಿಯಲ್ಲಿ ಅದನ್ನೇ ನೋಡಿದ್ದಳು.

“ಬ್ಯಾಡ! ಹೇಳು! ಅವ್ವಗ ಹೇಳು!” ಅವಳು ಕಿಟಕಿಯ ಸರಳು ಬಡಿದು ಚೀರಿದಳು. ಆಮೇಲೆ ಎದ್ದು, ಸೀಟು ಸೀಟು ಹಿಡಿಯುತ್ತ ಓಡಿದಳು. “ನಿಂದರಸ್ರಿ! ಗಾಡಿ ನಿಂದರಸ್ರಿ!”

ಕಂಡಕ್ಟರು ಸೀಟಿ ಊದಿದ. “ಏನ ಬಿಟ್ಟ ಬಂದಿ ಯವ್ವಾ?”

“ಒಂದು ಮಾತು ಬಿಟ್ಟ ಬಂದೇನಿ,” ಎಂದಳು ಸಾತವ್ವ. “ನನ್ನ ಸಾಕ್ಷಿ ಇನ್ನೂ ಮುಗದಿಲ್ಲ.”

ಬಸ್ಸು ಪೂರ್ತಿ ನಿಲ್ಲುವ ಮೊದಲೇ ಇಳಿದು, ಬಂದ ದಾರಿಯಲ್ಲಿ ನಡೆಯತೊಡಗಿದಳು.